ಬಟನ್ ಚೆನ್ನಾಗಿದ್ದರೂ ಟಯರ್ ಬದಲಾಯಿಸಿದೆವು: ನಮ್ಮ ಪುಟ್ಟ ಟ್ರೇಲರ್‌ನ ಅನುಭವ

ಟ್ರೇಲರ್‌ನ ಟಯರ್ ಸವೆದು ಹಾಳಾಗುವುದು ಅಪರೂಪ. ಬಿಸಿಲಿಗೆ, ವಯಸ್ಸಿಗೆ, ಭಾರಕ್ಕೆ ಹಾಳಾಗುವುದೇ ಜಾಸ್ತಿ. ಹಾಗಾಗಿ ಕಾರಿನ ಟಯರ್ ನೋಡಿದ ಹಾಗೆ ಬರೀ ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಹಲ್ಲು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಊರಿನಲ್ಲಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಫೈಬರ್‌ಗ್ಲಾಸ್ ಟ್ರೇಲರ್ ನಮ್ಮ ಹತ್ತಿರ ಇದೆ. ಒಳಗೆ ಮಲಗಲು ಜಾಗ, ಗ್ಯಾಸ್ ಒಲೆ, ಸಿಂಕು, ಚಿಕ್ಕ ಫ್ರಿಜ್ಜು. ಒಂದೇ ಆಕ್ಸಲ್, ಎರಡೇ ಚಕ್ರ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಟಯರ್ ಸಮೇತ. 2023ರಲ್ಲಿ ಈ ಊರಿನಲ್ಲಿ ಜೂನ್ 30ರಿಂದ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಅಂದರೆ 43 ಸೆಲ್ಸಿಯಸ್‌ಗೂ ಮೇಲೆ. ಆ ಬೇಸಿಗೆಯುದ್ದಕ್ಕೂ ಟ್ರೇಲರ್ ಬಯಲಲ್ಲೇ ನಿಂತಿತ್ತು. ಮುಂದಿನ ಬೇಸಿಗೆ ಬರುವ ಮೊದಲು ಟಯರ್ ಕಡೆ ಗಮನ ಕೊಡಲೇಬೇಕು ಅಂತ ಮನಸ್ಸು ಮಾಡಿದೆ.

ಮೊದಲು ನೋಡಬೇಕಾದದ್ದು ಹುಟ್ಟಿದ ತಾರೀಖು. ಟಯರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಒಂದು ಸಾಲು ಅಚ್ಚೊತ್ತಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳೇ ಮುಖ್ಯ. ನಮ್ಮದರಲ್ಲಿ 2317 ಅಂತಿತ್ತು. 2017ರ 23ನೇ ವಾರ, ಅಂದರೆ ಜೂನ್‌ನಲ್ಲಿ ತಯಾರಾದದ್ದು. ಈ ಪೂರ್ತಿ ಸಾಲು ಟಯರಿನ ಒಂದೇ ಪಕ್ಕೆಯಲ್ಲಿ ಇದ್ದರೂ ಸಾಕು ಅನ್ನುವುದು ಇಲ್ಲಿನ ನಿಯಮ. ನಮ್ಮ ಒಂದು ಚಕ್ರದಲ್ಲಿ ಅದು ಒಳಮುಖವಾಗಿತ್ತು. ಟಾರ್ಚ್ ಹಿಡಿದು ಟ್ರೇಲರ್ ಕೆಳಗೆ ಮಲಗಿ ಓದಬೇಕಾಯಿತು.

ಟ್ರೇಲರ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಐದಾರು ವರ್ಷಕ್ಕೆ ಟಯರ್ ತೆಗೆದುಬಿಡುತ್ತಾರೆ. ನಮ್ಮದಕ್ಕೆ ಏಳು ತುಂಬುತ್ತಾ ಬಂದಿತ್ತು. ಜೊತೆಗೆ ಬಿರುಕುಗಳಿದ್ದವು. ನೆಲಕ್ಕೆ ತಾಗುವ ಕಡೆ ಟಯರಿನ ಪಕ್ಕೆ ಸ್ವಲ್ಪ ಉಬ್ಬಿರುತ್ತದಲ್ಲ, ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಬಾಯಿ ಬಿಟ್ಟಿದ್ದವು. ಕಾರಿಗೆ ಕಟ್ಟಿ ಚಕ್ರವನ್ನು ಅರ್ಧ ಸುತ್ತು ಉರುಳಿಸಿದೆ. ಅದೇ ಗೆರೆಗಳು ಮೇಲಕ್ಕೆ ಬಂದಾಗ ಮುಚ್ಚಿಕೊಂಡು ಕಾಣದಂತಾದವು. ನಿಂತ ಟಯರಿನ ಮೇಲ್ಭಾಗ ಮಾತ್ರ ನೋಡಿದವರಿಗೆ ಅದು ಹೊಸದರ ಹಾಗೇ ಕಾಣುತ್ತದೆ.

ದಾವಣಗೆರೆ ಕಡೆಯ ಗೆಳೆಯನೊಬ್ಬ ಅವತ್ತು ಜೊತೆಗಿದ್ದ. "ಅಣ್ಣ, ಬಟನ್ ಒಂಚೂರೂ ಸವೆದಿಲ್ಲ. ಸುಮ್ನೆ ಯಾಕೆ ದುಡ್ಡು ಹಾಕ್ತೀರಾ?" ಅಂದ. ಅವನನ್ನು ಟ್ರೇಲರ್ ನಿಲ್ಲಿಸುವ ಯಾರ್ಡಿನ ಇನ್ನೊಂದು ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ಟಯರ್ ಸಿಡಿದ ಒಂದು ಟ್ರೇಲರ್ ನಿಂತಿತ್ತು. ಸಿಡಿದಾಗ ರಬ್ಬರು ಸುಮ್ಮನೆ ಉದುರಿ ಬೀಳುವುದಿಲ್ಲ. ಒಳಗಿನ ಉಕ್ಕಿನ ತಂತಿಯ ಪಟ್ಟಿ ಬಟನ್ ಸಮೇತ ಕಿತ್ತು ಬಂದು, ಚಕ್ರ ತಿರುಗಿದಷ್ಟೂ ಹೊತ್ತು ಚಾವಟಿಯ ಹಾಗೆ ಬಡಿಯುತ್ತದೆ. ಆ ಟ್ರೇಲರ್‌ನ ಮಡ್‌ಗಾರ್ಡ್ ಹರಿದು, ಸಿಂಕಿನ ನೀರು ಹೋಗುವ ಪೈಪು ತುಂಡಾಗಿ, ನೆಲದ ಹಲಗೆಯಲ್ಲಿ ತೂತಾಗಿತ್ತು. ಕೆಲವು ಟ್ರೇಲರ್‌ಗಳಲ್ಲಿ ಗ್ಯಾಸ್ ಪೈಪೂ ಅಲ್ಲೇ ಹಾದುಹೋಗುತ್ತದೆ. ಎರಡು ಆಕ್ಸಲ್ ಇದ್ದರೆ ಒಂದು ಟಯರ್ ಹೋದರೂ ಪಕ್ಕದ್ದು ಸ್ವಲ್ಪ ದೂರ ತಡೆದುಕೊಳ್ಳುತ್ತದೆ. ಒಂದೇ ಆಕ್ಸಲ್ ಇರುವ ನಮ್ಮಂಥವರಿಗೆ ಆ ಆಸರೆಯೂ ಇಲ್ಲ. ಗೆಳೆಯ ಮತ್ತೆ ದುಡ್ಡಿನ ಮಾತೆತ್ತಲಿಲ್ಲ.

ಇನ್ನು ಯಾವ ಟಯರ್? ಹಳೆಯದರ ಮೇಲೆ ಎಸ್‌ಟಿ205/75ಆರ್14, ಲೋಡ್ ರೇಂಜ್ ಸಿ ಅಂತಿತ್ತು. ಎಸ್‌ಟಿ ಅಂದರೆ ಟ್ರೇಲರ್‌ಗೇ ಮಾಡಿದ ಟಯರ್. ಲೋಡ್ ರೇಂಜ್ ಅಂದರೆ ಭಾರ ಹೊರುವ ದರ್ಜೆ. ಸಿ ಆದರೆ 50 ಪಿಎಸ್‌ಐ ಗಾಳಿಗೆ ಒಂದು ಟಯರ್ 1760 ಪೌಂಡ್ ಹೊರುತ್ತದೆ. ಎರಡಕ್ಕೆ 3520. ನಮ್ಮ ಟ್ರೇಲರ್‌ನ ಬಾಗಿಲ ಪಕ್ಕದ ಸ್ಟಿಕ್ಕರ್ ಪ್ರಕಾರ ಅದರ ಗರಿಷ್ಠ ತೂಕ 3500 ಪೌಂಡ್, ಸುಮಾರು 1590 ಕಿಲೋ. ಲೆಕ್ಕ ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಹಿಚ್, ಅಂದರೆ ಟ್ರೇಲರನ್ನು ಕಾರಿಗೆ ಕಟ್ಟುವ ಕೊಂಡಿಯ ಮೇಲೆ ಕೂರುವ ಭಾರ ಕಳೆದರೆ ಇನ್ನೂ ಸ್ವಲ್ಪ ಉಳಿತಾಯ. ಆದರೆ ಈ ಲೆಕ್ಕ ಟ್ರೇಲರ್‌ನ ಭಾರ ಎರಡೂ ಚಕ್ರಕ್ಕೆ ಸಮನಾಗಿ ಹಂಚಿದೆ ಅಂತ ನಂಬಿಕೊಂಡಿದೆ. ಆ ನಂಬಿಕೆ ನಿಜವೋ ಅಂತ ತೂಗಿಯೇ ನೋಡಬೇಕು ಅಂತ ಹೊರಟೆ.

ಪ್ರವಾಸಕ್ಕೆ ಹೋಗುವ ಹಾಗೇ ಎಲ್ಲ ತುಂಬಿದೆವು. ಖಾಲಿ ಟ್ರೇಲರ್ ತೂಗಿ ಏನು ಪ್ರಯೋಜನ? ನೀರಿನ ಟ್ಯಾಂಕ್ ಭರ್ತಿ. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ, 20 ಗ್ಯಾಲನ್ ತುಂಬಿದರೆ ಅದೇ 166 ಪೌಂಡ್. ಅಕ್ಕಿ ಚೀಲ, ಕುಕ್ಕರ್, ಮಿಕ್ಸಿ, ದೋಸೆಯ ಎರಕದ ಕಾವಲಿ, ಎರಡು ಗ್ಯಾಸ್ ಸಿಲಿಂಡರ್, ಕುರ್ಚಿ, ಹಾಸಿಗೆ. ಹೀಗೆ ಹೊರಟು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಲಾರಿಗಳನ್ನು ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆವು. ಅಲ್ಲಿ ತೂಕದ ಹಲಗೆ ಮೂರು ಭಾಗ. ಕಾರಿನ ಮುಂದಿನ ಚಕ್ರ ಒಂದರ ಮೇಲೆ, ಹಿಂದಿನವು ಇನ್ನೊಂದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿದರೆ ಮೂರರ ತೂಕವೂ ಬೇರೆ ಬೇರೆ ಚೀಟಿಯಲ್ಲಿ ಬರುತ್ತದೆ. ಟ್ರೇಲರ್ ಆಕ್ಸಲ್ ಮೇಲೆ 3060 ಪೌಂಡ್. ಹಿಚ್ ಮೇಲಿನ ಭಾರ 410. ಒಟ್ಟು 3470, ಮಿತಿಗೆ ಮೂವತ್ತೇ ಪೌಂಡ್ ಕಡಿಮೆ. ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಹಿಚ್ ಮೇಲಿರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಅದರಲ್ಲಿ ನಾವು ಸರಿಯಾಗಿಯೇ ಇದ್ದೆವು.

ಎಡ ಬಲ ಎಷ್ಟೆಷ್ಟು ಅನ್ನುವುದು ಈ ಚೀಟಿಯಲ್ಲಿ ಇರುವುದಿಲ್ಲ. ಅದಕ್ಕೆ ಜಲ್ಲಿ ಮಾರುವ ಒಂದು ಯಾರ್ಡಿಗೆ ಹೋದೆವು. ಅಲ್ಲಿ ತೂಕದ ಹಲಗೆ ಸುತ್ತಲಿನ ನೆಲಕ್ಕೆ ಸಮವಾಗಿತ್ತು. ಕೆಲಸದವರನ್ನು ಕೇಳಿಕೊಂಡು, ಬಲಗಡೆಯ ಚಕ್ರ ಮಾತ್ರ ಹಲಗೆಯ ಮೇಲೆ ಬರುವಂತೆ ನಿಧಾನಕ್ಕೆ ಹಿಂದೆ ಮುಂದೆ ಮಾಡಿ ನಿಲ್ಲಿಸಿದೆ. 1640 ಪೌಂಡ್. ಹಾಗಾದರೆ ಎಡಕ್ಕೆ 1420. ಅಡುಗೆ ಕಟ್ಟೆ, ಫ್ರಿಜ್ಜು, ದಿನಸಿ ಎಲ್ಲ ಇರುವುದು ಬಲಗಡೆಯೇ. 1760 ಹೊರುವ ಟಯರಿನ ಮೇಲೆ 1640 ಕೂತಿದೆ. ಉಳಿದದ್ದು 120 ಪೌಂಡ್. ಅದೂ ಗಾಳಿ ಪೂರ್ತಿ ಇದ್ದರೆ ಮಾತ್ರ.

ನನ್ನ ಪ್ರಕಾರ ಟಯರ್ ಆಯ್ಕೆಯ ಜೀವಾಳ ಇದೇ: ಅತಿ ಭಾರದ ಚಕ್ರದ ಮೇಲೆ ನಿಜವಾಗಿ ಎಷ್ಟಿದೆ, ಅದರ ಮೇಲೆ ಎಷ್ಟು ಉಳಿಕೆ ಇಟ್ಟುಕೊಳ್ಳುತ್ತೀರಿ. ಬ್ರ್ಯಾಂಡು, ರೇಟು ಎಲ್ಲ ಆಮೇಲೆ. ಈ ಒಂದು ಅಂಕಿ ಕೈಗೆ ಸಿಕ್ಕ ಮೇಲೆ ಮಿಕ್ಕ ಪ್ರಶ್ನೆಗಳು ತಾವಾಗಿಯೇ ಬಗೆಹರಿದವು.

ಉದಾಹರಣೆಗೆ ಕಾರಿನ ಟಯರ್ ಹಾಕುವ ವಿಚಾರ. ಅಗ್ಗ, ಮೆತ್ತಗೆ ಓಡುತ್ತದೆ ಅಂತ ಹೇಳುವವರು ಬಹಳ ಜನ. ಇದೇ ಅಳತೆಯ ಕಾರಿನ ಟಯರ್ ಸುಮಾರು 1530 ಪೌಂಡ್ ಹೊರುತ್ತದೆ. ಟ್ರೇಲರ್‌ಗೆ ಹಾಕುವಾಗ ಅದನ್ನು 1.1ರಿಂದ ಭಾಗಿಸಬೇಕು ಅನ್ನುವುದು ಅಮೆರಿಕದ ಸುರಕ್ಷತಾ ನಿಯಮ. 1390 ಆಯಿತು. ನಮ್ಮ ಹಗುರದ ಎಡ ಚಕ್ರಕ್ಕೂ ಅದು ಸಾಲದು. ಅಲ್ಲದೆ ಅದರ ಪಕ್ಕೆ ಮೆದು, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಟ್ರೇಲರ್ ಓಲಾಡುವುದು ಹೆಚ್ಚುತ್ತದೆ. ಯುರೋಪಿನಲ್ಲಿ ವ್ಯಾನ್‌ಗಳಿಗೆ ಬರುವ, ಅಳತೆಯ ಕೊನೆಗೆ ಸಿ ಅಂತ ಇರುವ ಟಯರುಗಳನ್ನು ಕ್ಯಾರವಾನ್‌ಗೆ, ಅಂದರೆ ಇಂಥದೇ ಟ್ರೇಲರ್‌ಗೆ ಹಾಕುತ್ತಾರೆ. ಅವು ಗಟ್ಟಿಯಾದವೇ. ಆದರೆ ನಮಗೆ ಪ್ರವಾಸದ ನಡುವೆ ಯಾವ ಸಣ್ಣ ಊರಿನಲ್ಲಾದರೂ ಸಿಗುವಂಥದ್ದು ಬೇಕಿತ್ತು.

ಅಗಲದ ಟಯರ್ ಹಾಕೋಣ ಅಂತಲೂ ಯೋಚಿಸಿದೆ. 215 ಅಳತೆಯದು ಒಟ್ಟು ಎತ್ತರದಲ್ಲಿ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಟ್ರೇಲರ್ ತುಂಬಿರುವಾಗ ಮಡ್‌ಗಾರ್ಡ್ ಒಳಗೆ ಕೈ ಹಾಕಿ ನೋಡಿದೆ. ಜಾಗ ಇತ್ತು, ಆದರೆ ಗುಂಡಿಗೆ ಬಿದ್ದಾಗ ಚಕ್ರ ಮೇಲೇರುತ್ತದಲ್ಲ, ಅದಕ್ಕೆ ಬೇಕಾದಷ್ಟು ಇರಲಿಲ್ಲ. ಕೈಬಿಟ್ಟೆ.

ಕೊನೆಗೆ ಅದೇ ಅಳತೆಯಲ್ಲಿ ಲೋಡ್ ರೇಂಜ್ ಡಿ ಅಂತ ತೀರ್ಮಾನವಾಯಿತು. ಅದು 65 ಪಿಎಸ್‌ಐಗೆ 2040 ಪೌಂಡ್ ಹೊರುತ್ತದೆ. ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಡಿ ಟಯರ್ ತಂದು ಹಾಕಿ ಹಳೇ ಅಭ್ಯಾಸದಂತೆ 50 ಪಿಎಸ್‌ಐ ಗಾಳಿ ತುಂಬಿಸಿದರೆ, ಅದು ಹೊರುವುದು ಮತ್ತೆ ಅದೇ 1760. ಭಾರ ಹೊರುವುದು ಗಾಳಿ. ಆ ಹೆಚ್ಚಿನ ಗಾಳಿಯನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಡಿ ಟಯರಿಗೆ ಇದೆ. ದುಬಾರಿ ಟಯರ್ ಕೊಂಡು ಕಡಿಮೆ ಗಾಳಿಯಲ್ಲಿ ಓಡಿಸಿದರೆ ಒಂದು ಪೌಂಡಿನಷ್ಟೂ ಲಾಭ ಇಲ್ಲ.

ಹೆಚ್ಚು ಗಾಳಿ ಅಂದ ಮೇಲೆ ರಿಮ್ಮು, ವಾಲ್ವುಗಳನ್ನೂ ನೋಡಬೇಕು. ನಮ್ಮ ರಿಮ್ಮಿನ ಹಿಂಬದಿಯಲ್ಲಿ 1900 ಪೌಂಡ್ ಅಂತ ಅಚ್ಚಾಗಿತ್ತು. ಟಯರ್ 2040 ಹೊತ್ತರೂ ನಮ್ಮ ಮಿತಿ 1900ಕ್ಕೇ ನಿಂತಿತು. ಪರವಾಗಿಲ್ಲ, 1640ರ ಮೇಲೆ 260 ಉಳಿಕೆ. ಮೊದಲಿದ್ದುದರ ಎರಡರಷ್ಟಕ್ಕಿಂತ ಜಾಸ್ತಿ. ವಾಲ್ವು ಸಾಮಾನ್ಯ ರಬ್ಬರಿನದು, ಅದರ ಮಿತಿ 65 ಪಿಎಸ್‌ಐ. ತೀರಾ ಅಂಚಿಗೆ ಬಂತು. ಜೊತೆಗೆ ಗಾಳಿ ಅಳೆಯುವ ಟಿಪಿಎಂಎಸ್ ಸೆನ್ಸರನ್ನು ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ ಯೋಚನೆ ಇತ್ತು. ಅದರ ತೂಕಕ್ಕೆ ರಬ್ಬರ್ ವಾಲ್ವು ಓಲಾಡಿ ಬುಡದಲ್ಲಿ ಸೀಳಬಹುದು. ಲೋಹದ ವಾಲ್ವೇ ಹಾಕಿಸಿದೆ. ಬಹಳ ಸಣ್ಣ ಖರ್ಚು.

ಬ್ರ್ಯಾಂಡಿನ ವಿಷಯ ಬೇಗ ಮುಗಿಯಿತು. ಗುಡ್‌ಇಯರ್ ಎಂಡ್ಯುರೆನ್ಸ್, ಕಾರ್ಲೈಲ್ ರೇಡಿಯಲ್ ಟ್ರೇಲ್ ಎಚ್‌ಡಿ, ಮ್ಯಾಕ್ಸಿಸ್ ಎಂ8008, ಈ ಮೂರನ್ನು ಹೋಲಿಸಿ ನೋಡಿದೆ. ಮೂರೂ ಒಳ್ಳೆಯವೇ. 2017ರಲ್ಲಿ ಬಂದ ಎಂಡ್ಯುರೆನ್ಸ್ ನಮ್ಮ ಅಳತೆಯಲ್ಲಿ ಲೋಡ್ ರೇಂಜ್ ಡಿ, ವೇಗದ ಗುರುತು ಎನ್. ಅಂದರೆ ಗಂಟೆಗೆ 87 ಮೈಲಿ. ಹಿಂದೆ ಎಸ್‌ಟಿ ಟಯರ್ ಅಂದರೆ 65 ಮೈಲಿಯೇ ಮಿತಿ ಅಂತಿತ್ತು. ನಾನು 65 ದಾಟಿಸುವುದಿಲ್ಲ. ಗಡಿಯ ಊರು ಯೂಮಾ ದಾಟಿ ಕ್ಯಾಲಿಫೋರ್ನಿಯಾಗೆ ಕಾಲಿಟ್ಟರೆ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಆದರೂ ವೇಗದ ಗುರುತು ಮೇಲಿದ್ದರೆ ಕಾವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಮರುಭೂಮಿಯ ಊರಿಗೆ ಅದೇ ಬೇಕಾದದ್ದು. ಅದನ್ನೇ ಆರಿಸಿದೆ, ಒಂದಕ್ಕೆ 130 ಡಾಲರ್ ಆಸುಪಾಸು. ಸ್ಟೆಪ್ನಿಗೂ ಸೇರಿ ಮೂರು. ಸ್ಟೆಪ್ನಿ ಒಮ್ಮೆಯೂ ರಸ್ತೆ ಮುಟ್ಟಿರಲಿಲ್ಲ, ಆದರೆ ಅದರ ವಯಸ್ಸೂ ಏಳೇ.

ಅಂಗಡಿಯಲ್ಲಿ ರಿಮ್ಮಿಗೆ ಏರಿಸುವ ಮೊದಲೇ ತಾರೀಖು ತೋರಿಸಿ ಅಂತ ಕೇಳಿದೆ. 4823 ಇತ್ತು, ನಾಲ್ಕೈದು ತಿಂಗಳ ಮಾಲು. ಗೋಡೌನ್‌ನಲ್ಲಿ ಎರಡು ವರ್ಷ ಕೂತದ್ದನ್ನು ಹೊಸದು ಅಂತ ತೆಗೆದುಕೊಂಡರೆ ಆ ಎರಡು ವರ್ಷ ನಮ್ಮ ಲೆಕ್ಕದಿಂದಲೇ ಹೋಗುತ್ತದೆ. ತಾರೀಖಿನ ಪಕ್ಕೆ ಹೊರಗೆ ಬರುವಂತೆ ಹಾಕಿಸಿಕೊಂಡೆ. ಬ್ಯಾಲೆನ್ಸಿಂಗನ್ನೂ ಮಾಡಿಸಿದೆ.

ಚಕ್ರ ಬಿಚ್ಚಿ ಹಾಕಿದ್ದು ನಾನೇ. ಟ್ರೇಲರನ್ನು ಕಾರಿಗೆ ಕಟ್ಟಿದ ಹಾಗೇ ಇಟ್ಟು, ಎದುರು ಚಕ್ರಕ್ಕೆ ಅಡ್ಡ ಕೊಟ್ಟು, ಜಾಕಿಯನ್ನು ಚಾಸಿಗೆ ಕೊಡಬೇಕು. ಆಕ್ಸಲ್ ಪೈಪಿಗೆ ಕೊಟ್ಟರೆ ಅದು ಬಾಗಬಹುದು. 14 ಇಂಚಿನ ಚಕ್ರದ ಅರ್ಧ ಇಂಚಿನ ಸ್ಟಡ್‌ಗೆ (ಚಕ್ರದ ನಟ್ಟು ಕೂರುವ ಬೋಲ್ಟು) 90ರಿಂದ 120 ಅಡಿ-ಪೌಂಡ್ ಬಿಗಿ. ಒಂದೇ ಸಲ ಬಿಗಿಯದೆ ಎದುರುಬದುರಾಗಿ ಮೂರು ಹಂತದಲ್ಲಿ ಬಿಗಿದೆ. ಆಮೇಲೆ 10, 25, 50 ಮೈಲಿ ಓಡಿಸಿ ಪ್ರತಿ ಸಲ ಬಿಗಿ ಅಳೆಯುವ ಟಾರ್ಕ್ ರೆಂಚ್ ಇಟ್ಟು ನೋಡಬೇಕು. ಐ-17 ಹೆದ್ದಾರಿಯಲ್ಲಿ ಬೆಟ್ಟದ ಮೇಲಿನ ಊರು ಫ್ಲ್ಯಾಗ್‌ಸ್ಟಾಫ್ ಕಡೆ ಹೋಗುವಾಗ ಬ್ಲ್ಯಾಕ್ ಕ್ಯಾನಿಯನ್ ಸಿಟಿಯಲ್ಲಿ ನಿಲ್ಲಿಸಿ ನೋಡಿದಾಗ ಒಂದು ನಟ್ಟು ಕಾಲು ಸುತ್ತು ತೆಗೆದುಕೊಂಡಿತು. ಹೊಸದಾಗಿ ಕೂರಿಸಿದ ಚಕ್ರದಲ್ಲಿ ಇದು ಸಹಜ. ಅದಕ್ಕೇ ನಿಲ್ಲಿಸಿ ನೋಡುವುದು.

ಗಾಳಿ ಎಷ್ಟು ಇಡುವುದು ಅನ್ನುವುದಕ್ಕೆ ಸ್ವಲ್ಪ ಓಡಿಸಿ ನೋಡಬೇಕಾಯಿತು. 65ಕ್ಕೆ ಇಟ್ಟಾಗ ಹಗುರದ ಟ್ರೇಲರ್ ಜಿಗಿಯುತ್ತಿತ್ತು, ಒಳಗಿನ ಕಪಾಟಿನ ಡಬ್ಬಿಗಳು ಕೆಳಗೆ ಬಿದ್ದಿದ್ದವು. 60ಕ್ಕೆ ಇಳಿಸಿದೆ. ಆ ಗಾಳಿಗೂ ಟಯರ್ 1900ಕ್ಕಿಂತ ಹೆಚ್ಚೇ ಹೊರುತ್ತದೆ, ರಿಮ್ಮಿನ ಮಿತಿಯೂ ಅಷ್ಟೇ. ಅಳೆಯುವುದು ಬೆಳಗ್ಗೆ, ಬಿಸಿಲು ಬೀಳುವ ಮೊದಲು. ಈ ಮಟ್ಟದ ಗಾಳಿಯಲ್ಲಿ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಏರಿಳಿತ ಇರುತ್ತದೆ. ಒಂದು ಪಕ್ಕೆಗೆ ಬಿಸಿಲು ಬಿದ್ದಿದ್ದರೆ ಆ ಟಯರ್ ಸುಮ್ಮನೆ ನಿಂತಲ್ಲೇ ಮೂರು ನಾಲ್ಕು ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ರಾತ್ರಿ ಫ್ಲ್ಯಾಗ್‌ಸ್ಟಾಫ್‌ನ ಚಳಿಯಲ್ಲಿ ಟಯರ್ ಮೆತ್ತಗಾಗಿರುತ್ತದೆ. ಓಡುವಾಗ ಗಾಳಿ ಏರಿದರೂ ಬಿಡಬಾರದು, ಆ ಏರಿಕೆಯನ್ನು ಲೆಕ್ಕ ಹಾಕಿಯೇ ಟಯರ್ ಮಾಡಿರುತ್ತಾರೆ.

ಟಿಪಿಎಂಎಸ್‌ಗೆ 52ಕ್ಕಿಂತ ಇಳಿದರೆ ಕೂಗು ಅಂತ ಹೇಳಿಟ್ಟಿದ್ದೇನೆ. ಅಕ್ಕಿ ಚೀಲ, ಮಿಕ್ಸಿಗಳನ್ನು ನನ್ನ ಹೆಂಡತಿ ಎಡಗಡೆಯ ಮಂಚದ ಕೆಳಗಿನ ಡಬ್ಬಕ್ಕೆ ಸಾಗಿಸಿದಳು. ಮತ್ತೆ ಜಲ್ಲಿ ಯಾರ್ಡಿಗೆ ಹೋಗಿ ತೂಗಿದಾಗ ಬಲಗಡೆ 1590 ಬಂತು. ಟ್ರೇಲರ್ ನಿಂತಿರುವಾಗ ಚಕ್ರಗಳಿಗೆ ಬಿಳಿ ಹೊದಿಕೆ ಹಾಕುತ್ತೇವೆ. ಹೊಳಪಿಗೆ ಹಚ್ಚುವ ಎಣ್ಣೆ ಪಾಲಿಶ್ ಮುಟ್ಟಿಸುವುದಿಲ್ಲ, ಸೋಪು ನೀರು ಸಾಕು. ಹೀಗೆ ನೋಡಿಕೊಂಡರೂ 2029ರ ಬೇಸಿಗೆಗೆ ಮೊದಲು, ಬಟನ್ ಹೇಗೇ ಇರಲಿ, ಮೂರನ್ನೂ ತೆಗೆಯುತ್ತೇವೆ.