ಕರೆಂಟು ಬಂತು, ಪ್ರಿಂಟರ್ ಹೋಯ್ತು

ಜನವರಿ ತಿಂಗಳು, ಕಲಬುರಗಿಯ ನೆಹರು ಗಂಜ್. ಹೊಸ ತೊಗರಿ ಬರುವ ಹೊತ್ತು. ಕಮಿಷನ್ ಮೇಲೆ ಕಾಳು ಮಾರಿಸಿಕೊಡುವ ಅಡತ್ ಅಂಗಡಿಯ ಮುಂದೆ ಚೀಲದ ಮೇಲೆ ಚೀಲ, ಒಳಗೆ ಮೂರು ಕಂಪ್ಯೂಟರ್, ಒಂದೇ ಪ್ರಿಂಟರ್. ತಕ್‌ಪಟ್ಟಿಗಾಗಿ (ಮಾರಾಟದ ಲೆಕ್ಕದ ಚೀಟಿ) ರೈತರು ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದಾರೆ. ಲೆಕ್ಕ ಬರೆಯುವ ಮುನೀಮರ ಫೋನು ಬಂತು: "ಸರ್ರ, ನಿನ್ನಿ ಸಂಜಿ ತನಕ ಛಲೋ ಇತ್ರಿ. ಕರೆಂಟ್ ಹೋಗಿ ಬಂತ್ ನೋಡ್ರಿ, ಆವಾಗಿಂದ ಪ್ರಿಂಟರ್ ಕಾಣ್ಲಿಕತ್ತಿಲ್ಲ."

ನಾನು ಹೋಗುವಷ್ಟರಲ್ಲಿ ಅಂಗಡಿಯ ಹುಡುಗ ಪ್ರಿಂಟರ್ ಸಾಫ್ಟ್‌ವೇರ್ ತೆಗೆದುಹಾಕಿದ್ದ, ಆಂಟಿವೈರಸ್ ಬಂದ್ ಮಾಡಿದ್ದ, ಒಂದು ಕಂಪ್ಯೂಟರಿನ ಹೆಸರನ್ನೂ ಬದಲಿಸಿದ್ದ. ಒಂದಿದ್ದ ತೊಂದರೆ ನಾಲ್ಕಾಗಿತ್ತು. ಮೂಲ ತೊಂದರೆ ಏನು ಗೊತ್ತಾ? ಪ್ರಿಂಟರ್ ಇರುವ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸದ ಕೊನೆಯ ಅಂಕಿ 5 ಇದ್ದದ್ದು 8 ಆಗಿತ್ತು. ಅಷ್ಟೇ.

ನಮ್ಮ ಕಡೆ ಸಣ್ಣ ನೆಟ್‌ವರ್ಕ್ ಕೆಡುವುದಕ್ಕೆ ವೈರಸ್‌ಗಿಂತ ಕರೆಂಟೇ ಜಾಸ್ತಿ ಕಾರಣ. ಅದನ್ನು ತಲೆಯಲ್ಲಿಟ್ಟುಕೊಂಡು, ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಹೋಗದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದಕ್ಕೆ ಹೋಗಿ.

ವಿಂಡೋಸ್ 10 ಅಥವಾ 11 ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಪ್ರಿಂಟರ್, ಫೋಲ್ಡರ್ ಇರುವ ಕಂಪ್ಯೂಟರನ್ನು ಗಂಜ್‌ನ ಮುನೀಮರು ಕರೆಯುವ ಹಾಗೆ ‘ದೊಡ್ಡದು’ ಎನ್ನೋಣ. ಅದರಿಂದ ಎರವಲು ಪಡೆಯುವವು ‘ಸಣ್ಣವು’.

ಮೊದಲು ಮುಟ್ಟಿ ನೋಡಿ

ದೊಡ್ಡದರಿಂದಲೇ ಒಂದು ಪುಟ ಪ್ರಿಂಟ್ ಕೊಡಿ. ಅಲ್ಲಿಯೂ ಬರದಿದ್ದರೆ ನೆಟ್‌ವರ್ಕ್ ಮಾತೇ ಬೇಡ. ಕಾಗದ, ಟೋನರ್, ಯುಎಸ್‌ಬಿ ಕೇಬಲ್ ನೋಡಿ. ಅಲ್ಲಿ ಬಂದರೆ, ಮುಂದಿನ ಪ್ರಶ್ನೆ: ಊಟಕ್ಕೆ ಹೋದಾಗ ದೊಡ್ಡದು ನಿದ್ದೆಗೆ ಜಾರುತ್ತದೆಯಾ? ಅದು ಮಲಗಿದರೆ ಪ್ರಿಂಟರೂ ಮಲಗಿದಂತೆ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಎಂಬಲ್ಲಿ ‘ನೆವರ್’ ಆರಿಸಿ.

ಇನ್ನು ಕೇಬಲ್. ಕಾಳು ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಒಂದು ಅಂಗಡಿಯಲ್ಲಿ ಸಣ್ಣ ಫೈಲು ಹೋಗುತ್ತಿತ್ತು, ದೊಡ್ಡ ಬ್ಯಾಕಪ್ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇತ್ತು. ಚೀಲ ಸರಿಸಿ ಟಾರ್ಚ್ ಬಿಟ್ಟೆ. ಕೇಬಲಿನ ನೀಲಿ ಸಿಪ್ಪೆ ಒಂದು ಕಡೆ ಕಾಳಿನಷ್ಟು ಕಿತ್ತು ಬಂದಿತ್ತು, ಒಳಗಿನ ಒಂದು ಜೋಡಿ ಎಳೆ ಕಡಿದಿತ್ತು, ಪಕ್ಕದ ಎಳೆಯ ತಾಮ್ರ ಹೊರಗೆ ಇಣುಕುತ್ತಿತ್ತು. ಈ ಕೇಬಲಿನಲ್ಲಿ ಎಂಟು ಎಳೆ ಇರುತ್ತವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. 100 ಮೆಗಾಬಿಟ್ ವೇಗಕ್ಕೆ ನಾಲ್ಕು ಸಾಕು. ಹಾಗಾಗಿ ದೀಪ ಉರಿದರೆ ಕೇಬಲ್ ಸರಿ ಇದೆ ಎಂದಲ್ಲ. ಅನುಮಾನ ಬಂದರೆ ಚೆನ್ನಾಗಿರುವ ಕಂಪ್ಯೂಟರಿನ ಕೇಬಲ್ ತಂದು ಚುಚ್ಚಿ ನೋಡಿ.

ವೈಫೈ ಇದ್ದರೆ ಎಲ್ಲ ಕಂಪ್ಯೂಟರೂ ಒಂದೇ ಹೆಸರಿನ ವೈಫೈನಲ್ಲಿ ಇವೆಯೇ ಎಂದು ನೋಡಿ. ಒಂದು ಲ್ಯಾಪ್‌ಟಾಪ್ ಮಾತ್ರ ‘ಗೆಸ್ಟ್’ ವೈಫೈಗೆ ಅಥವಾ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೆ ಅಂಟಿಕೊಂಡಿದ್ದರೆ ಇಂಟರ್ನೆಟ್ ಬರುತ್ತದೆ, ಪ್ರಿಂಟರ್ ಬರುವುದಿಲ್ಲ.

ವಿಳಾಸ ಬದಲಾಗಿದೆಯೇ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕೊಡಿ. ಪ್ರತಿ ಕಂಪ್ಯೂಟರಿಗೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಇದು ಬಾಡಿಗೆ ಮನೆ ಇದ್ದಂತೆ, ಕಾಯಂ ಅಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಎದ್ದು, ಬೇರೆ ಬೇರೆ ವಿಳಾಸ ಹಂಚಬಹುದು. ಸಣ್ಣವು ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತಿರುತ್ತವೆ.

ದೊಡ್ಡದರಲ್ಲಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ‘ಐಪಿವಿ4 ಅಡ್ರೆಸ್’ ಎಂಬ ಸಾಲಿನಲ್ಲಿ 192.168.1.8 ಎಂಬಂಥ ಅಂಕಿ ಕಾಣುತ್ತದೆ. ಬರೆದಿಟ್ಟುಕೊಳ್ಳಿ. ಸಣ್ಣದರಲ್ಲಿಯೂ ಹೀಗೇ ಮಾಡಿ. ಸಾಮಾನ್ಯವಾಗಿ ಚುಕ್ಕಿಗಳಿಂದ ಬೇರೆಯಾದ ಮೊದಲ ಮೂರು ಭಾಗ (ಇಲ್ಲಿ 192.168.1) ಎರಡೂ ಕಡೆ ಒಂದೇ ಇರಬೇಕು.

ಎಲ್ಲಾದರೂ 169.254 ಎಂದು ಶುರುವಾಗುವ ವಿಳಾಸ ಕಂಡರೆ, ಆ ಕಂಪ್ಯೂಟರಿಗೆ ರೂಟರಿನಿಂದ ಏನೂ ಸಿಕ್ಕಿಲ್ಲ, ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ಯುಪಿಎಸ್ ಕಂಪ್ಯೂಟರಿಗೆ ಇದ್ದು ರೂಟರಿಗೆ ಇಲ್ಲದಿದ್ದರೆ ಇದು ಆಗಾಗ ಆಗುತ್ತದೆ. ರೂಟರ್ ಪೂರ್ತಿ ಏಳಲು ಒಂದೆರಡು ನಿಮಿಷ ಬಿಡಿ, ಆಮೇಲೆ ಕೇಬಲ್ ತೆಗೆದು ಮತ್ತೆ ಹಾಕಿ. ಆಗಲೂ 169 ಹೋಗದಿದ್ದರೆ ಕೇಬಲ್, ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ಕಡೆ ವಾಪಸ್ ಹೋಗಿ.

ಕಾಯಂ ಪರಿಹಾರ ರೂಟರ್‌ನಲ್ಲೇ ಇದೆ. ಅದರ ಸೆಟ್ಟಿಂಗ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಭಾಗಕ್ಕೆ ಹೋಗಿ, ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ದೊಡ್ಡದಕ್ಕೆ ಒಂದು ವಿಳಾಸ ಮೀಸಲಿಡಿ. ವೈಫೈ ಅಥವಾ ಲ್ಯಾನ್ ಇರುವ ಪ್ರಿಂಟರ್ ಇದ್ದರೆ ಅದಕ್ಕೂ ಒಂದು. ಆಮೇಲೆ ಎಷ್ಟು ಸಲ ಕರೆಂಟ್ ಹೋದರೂ ಅದೇ ವಿಳಾಸ. ಕಂಪ್ಯೂಟರ್‌ನಲ್ಲೇ ಕೈಯಿಂದ ವಿಳಾಸ ಬರೆಯುವವರೂ ಇದ್ದಾರೆ. ಆದರೆ ರೂಟರ್ ಅದೇ ವಿಳಾಸವನ್ನು ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರೂ ಕೆಡುತ್ತಾರೆ. ನನಗೆ ಮೀಸಲಿಡುವುದೇ ಇಷ್ಟ. ರೂಟರಿಗೂ ಸ್ವಿಚ್‌ಗೂ ಒಂದು ಸಣ್ಣ ಯುಪಿಎಸ್ ಕೊಟ್ಟರೆ ಅರ್ಧ ಫೋನ್ ಕರೆ ನನಗೆ ಬರುವುದೇ ಇಲ್ಲ.

ಬಾಗಿಲು ತೆರೆದಿದೆಯೇ?

ಸಣ್ಣದರಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಡಬ್ಬಿಯಲ್ಲಿ \\192.168.1.8 ಹೀಗೆ ದೊಡ್ಡದರ ವಿಳಾಸ ಬರೆದು ಎಂಟರ್ ಒತ್ತಿ. ಫೋಲ್ಡರ್, ಪ್ರಿಂಟರ್ ಕಂಡವಾ? ಹಾಗಾದರೆ ದಾರಿ ಸರಿ ಇದೆ. ವಿಳಾಸದಿಂದ ಸಿಗುತ್ತದೆ, ಹೆಸರಿನಿಂದ ಸಿಗುವುದಿಲ್ಲ ಎಂದಾದರೆ ತಲೆ ಕೆಡಿಸಿಕೊಳ್ಳಬೇಡಿ. ವಿಳಾಸ ಮೀಸಲಿಟ್ಟಿದ್ದೀರಲ್ಲ, ಅದರಿಂದಲೇ ಜೋಡಿಸಿಕೊಳ್ಳಿ.

ಪಿಂಗ್ ಮಾಡಿ, ಅಂದರೆ ಇನ್ನೊಂದು ಕಂಪ್ಯೂಟರ್ ಓಗೊಡುತ್ತದೆಯೇ ಎಂದು ಆಜ್ಞೆ ಕೊಟ್ಟು ನೋಡುವವರಿಗೆ ಒಂದು ಮಾತು. ಪಿಂಗ್‌ಗೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ದೊಡ್ಡದು ಸತ್ತಿದೆ ಎಂದಲ್ಲ. ಶೇರಿಂಗ್ ಬಂದ್ ಇದ್ದಾಗ ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್ ಫೈರ್‌ವಾಲ್ ಪಿಂಗ್‌ಗೂ ಉತ್ತರ ಕೊಡುವುದಿಲ್ಲ.

ವಿಳಾಸದಿಂದಲೂ ಸಿಗದಿದ್ದರೆ ದೊಡ್ಡದರ ನೆಟ್‌ವರ್ಕ್ ಸೆಟ್ಟಿಂಗ್ ತೆರೆಯಿರಿ. ಅಲ್ಲಿ ‘ಪಬ್ಲಿಕ್’ ಎಂದಿದೆಯಾ, ‘ಪ್ರೈವೇಟ್’ ಎಂದಿದೆಯಾ? ಪಬ್ಲಿಕ್ ಎಂದರೆ ವಿಂಡೋಸ್ ನಿಮ್ಮ ಅಂಗಡಿಯನ್ನು ಬಸ್ ಸ್ಟ್ಯಾಂಡ್ ಎಂದುಕೊಂಡಿದೆ, ಬಾಗಿಲು ಹಾಕಿಕೊಂಡಿದೆ. ಹೊಸ ರೂಟರ್ ಹಾಕಿದಾಗ ಹೀಗಾಗುವುದು ಮಾಮೂಲು. ಪ್ರೈವೇಟ್ ಮಾಡಿ. ನಂತರ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಬೇರೆ ಆಂಟಿವೈರಸ್ ಇದ್ದರೆ ಅದರದೇ ಫೈರ್‌ವಾಲ್ ಇರಬಹುದು. ಅಲ್ಲಿಯೂ ನಿಮ್ಮ ನೆಟ್‌ವರ್ಕನ್ನು ನಂಬಿಕೆಯದು ಎಂದು ಗುರುತು ಮಾಡಿ. ಫೈರ್‌ವಾಲ್ ಪೂರ್ತಿ ತೆಗೆದುಬಿಡುವವರನ್ನು ನೋಡಿದ್ದೇನೆ. ಬೇಡ.

ಪಾಸ್‌ವರ್ಡ್ ಕೇಳಿದಾಗ

"ಸರ್ರ, ದಿನಾ ಹೊಡಿಯೋ ನಂಬರೇ ಹೊಡದೀನಿ, ತಪ್ಪು ಅಂತದ." ಆ ನಾಲ್ಕು ಅಂಕಿಯ ಪಿನ್ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಮೂಲಕ ಬರುವವರಿಗೆ ಪಿನ್ ನಡೆಯುವುದಿಲ್ಲ, ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಡದ ಅಕೌಂಟ್ ಇದ್ದರೆ ಅದೂ ನಡೆಯುವುದಿಲ್ಲ. ಖಾಲಿ ಪಾಸ್‌ವರ್ಡ್ ಹಿಡಿದು ಹೊರಗಿನಿಂದ ಬಂದವರನ್ನು ವಿಂಡೋಸ್ ಒಳಗೆ ಬಿಡುವುದಿಲ್ಲ.

ಸುಮ್ನೆ ಒದ್ದಾಡುವುದಕ್ಕಿಂತ ದೊಡ್ಡದರಲ್ಲಿ ಶೇರಿಂಗ್‌ಗೆಂದೇ ಒಂದು ಲೋಕಲ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಡಿ. ಸಣ್ಣವುಗಳಲ್ಲಿ ಪಾಸ್‌ವರ್ಡ್ ಕೇಳಿದಾಗ ದೊಡ್ಡದರ ಹೆಸರು, ಒಂದು ಹಿಂಬದಿಗೆ ವಾಲಿದ ಗೆರೆ (\), ಆಮೇಲೆ ಆ ಅಕೌಂಟಿನ ಹೆಸರು ಬರೆಯಿರಿ. ‘ನೆನಪಿಟ್ಟುಕೋ’ ಎಂಬುದಕ್ಕೆ ಟಿಕ್ ಹಾಕಿ. ಹಿಂದೆ ತಪ್ಪಾಗಿ ನೆನಪಿಟ್ಟುಕೊಂಡದ್ದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಅದನ್ನು ಅಳಿಸಿ. ಇದನ್ನು ಮರೆತು ಗಂಟೆಗಟ್ಟಲೆ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಫೋಲ್ಡರ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂದರೆ ಅನುಮತಿಯ ಮಾತು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಮತ್ತು ಸೆಕ್ಯುರಿಟಿ ಎಂಬ ಎರಡು ಕಡೆ ಅನುಮತಿ ಇರುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್ ಅಕೌಂಟಿಗೆ ಎರಡೂ ಕಡೆ ಬರೆಯುವ ಅನುಮತಿ ಕೊಡಿ.

ಇನ್ನು ಪ್ರಿಂಟರ್

ಫೋಲ್ಡರ್ ಸಿಗುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ. ದೊಡ್ಡದರಲ್ಲಿ ಪ್ರಿಂಟ್ ಸಾಲು ತೆರೆದು ನೋಡಿ. ಮುಂದಿನದು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಂತುಬಿಡುತ್ತವೆ, ತೂಕದ ಕಾಟಾದ ಮುಂದೆ ಲಾರಿ ನಿಂತ ಹಾಗೆ. ಕ್ಯಾನ್ಸಲ್ ಒತ್ತಿದರೂ ಹೋಗದಿದ್ದರೆ ಸರ್ವಿಸಸ್ ತೆರೆದು ಈ ಸಾಲನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ ಒಳಗಿರುವ ಫೈಲುಗಳನ್ನು ಅಳಿಸಿ. ಫೋಲ್ಡರನ್ನಲ್ಲ, ಒಳಗಿನವನ್ನು ಮಾತ್ರ. ಸ್ಪೂಲರ್ ಮತ್ತೆ ಶುರು ಮಾಡಿ. ಅಳಿಸಿದ ತಕ್‌ಪಟ್ಟಿಗಳನ್ನು ಮತ್ತೊಮ್ಮೆ ಪ್ರಿಂಟ್ ಕೊಡಬೇಕು ಎಂದು ಮುನೀಮರಿಗೆ ಮೊದಲೇ ಹೇಳಿಬಿಡಿ.

ಕೊನೆಯಲ್ಲಿ 11ಬಿ ಎಂದಿರುವ ಎರರ್ ಬಂದರೆ ಕಥೆ ಬೇರೆ. 2021ರಲ್ಲಿ ಪ್ರಿಂಟ್ ಸ್ಪೂಲರ್‌ನಲ್ಲಿ ಒಂದಕ್ಕಿಂತ ಹೆಚ್ಚು ಭದ್ರತಾ ದೋಷ ಸಿಕ್ಕವು, ‘ಪ್ರಿಂಟ್‌ನೈಟ್‌ಮೇರ್’ ಅವುಗಳಲ್ಲಿ ಒಂದು. ಆ ವರ್ಷದ ಅಪ್‌ಡೇಟ್‌ಗಳು ಪ್ರಿಂಟರ್ ಹಂಚಿಕೆಯ ನಿಯಮ ಬಿಗಿ ಮಾಡಿದವು. ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿ ಇನ್ನೊಂದು ಹಳೆಯದಾಗಿಯೇ ಉಳಿದರೆ ಇಬ್ಬರಿಗೂ ಮಾತು ಹತ್ತುವುದಿಲ್ಲ. ಮೊದಲು ಎಲ್ಲವನ್ನೂ ಅಪ್‌ಡೇಟ್ ಮಾಡಿ. ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಡತ) ತಿದ್ದಿ ಆ ಭದ್ರತೆಯನ್ನೇ ತೆಗೆಯುವ ಉಪಾಯ ವಿಡಿಯೊಗಳಲ್ಲಿ ಸಿಗುತ್ತದೆ. ಬೀಗ ಸರಿಮಾಡುವ ಬದಲು ಬಾಗಿಲು ಕಿತ್ತಂತೆ ಅದು. ಅದಕ್ಕಿಂತ ಪ್ರಿಂಟರ್‌ಗೆ ಲ್ಯಾನ್ ಪೋರ್ಟ್ ಇದ್ದರೆ ನೇರವಾಗಿ ರೂಟರಿಗೆ ಚುಚ್ಚಿ, ಪ್ರತಿ ಕಂಪ್ಯೂಟರ್‌ನಲ್ಲೂ ‘ಟಿಸಿಪಿ/ಐಪಿ ಪೋರ್ಟ್’ ಆರಿಸಿ, ಮೀಸಲಿಟ್ಟ ವಿಳಾಸ ಕೊಡಿ. ಆಗ ದೊಡ್ಡದು ಬಂದ್ ಇದ್ದರೂ ಪ್ರಿಂಟ್ ಬರುತ್ತದೆ. ಹೊಸ ಪ್ರಿಂಟರ್ ಕೊಳ್ಳುವವರು ಸ್ವಲ್ಪ ದುಡ್ಡು ಜಾಸ್ತಿಯಾದರೂ ಈ ಪೋರ್ಟ್ ಇರುವುದನ್ನೇ ತಗೊಳ್ಳಿ.

ಜೆರಾಕ್ಸ್ ಅಂಗಡಿಯವರಿಗೆ ಒಂದು ಮಾತು. ಹಳೆಯ ದೊಡ್ಡ ಮಷಿನ್‌ನಲ್ಲಿ ಸ್ಕ್ಯಾನ್ ಮಾಡಿದ್ದು ಕಂಪ್ಯೂಟರಿನ ಫೋಲ್ಡರಿಗೆ ಬರುತ್ತಿಲ್ಲವೇ? ಅದು ಎಸ್‌ಎಂಬಿ1 ಎಂಬ ಹಳೇ ಭಾಷೆ ಮಾತ್ರ ಮಾತಾಡುತ್ತಿರಬಹುದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ಆ ಭಾಷೆಯ ಒಂದು ತೂತಿನಿಂದಲೇ. ಅದೇ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರಿಂದ ಅದು ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ವಾಪಸ್ ಹಾಕಿಕೊಳ್ಳಬೇಡಿ, ಮಷಿನ್‌ನಲ್ಲಿ ಇಮೇಲ್‌ಗೆ ಅಥವಾ ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡುವ ದಾರಿ ಇದೆಯಾ ನೋಡಿ.

ಗಂಜ್‌ನ ಆ ಅಂಗಡಿಯಲ್ಲಿ 8ನ್ನು ಮತ್ತೆ 5 ಮಾಡಿ ಮೀಸಲಿಟ್ಟೆ. ಹುಡುಗ ಬದಲಿಸಿದ್ದ ಹೆಸರನ್ನು, ಬಂದ್ ಮಾಡಿದ್ದ ಆಂಟಿವೈರಸನ್ನು ಮೊದಲಿನಂತೆ ಮಾಡಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಪ್ರತಿ ಕಂಪ್ಯೂಟರಿನ ಹೆಸರು, ವಿಳಾಸವನ್ನು ಒಂದು ರಟ್ಟಿನ ಮೇಲೆ ಬರೆದು ರೂಟರ್ ಪಕ್ಕದ ಗೋಡೆಗೆ ಅಂಟಿಸಿದೆ. ಪಾಸ್‌ವರ್ಡ್ ಮಾತ್ರ ಮುನೀಮರ ಖಾತೆ ಪುಸ್ತಕದ ಕೊನೆಯ ಪುಟದಲ್ಲಿದೆ.