ಸಂಶೋಧನಾ ನೈತಿಕತೆಯ ತರಬೇತಿ: ಕವಲೊಡೆಯುವ ಸನ್ನಿವೇಶ ಹೆಣೆಯುವುದು ಹೇಗೆ?

‘ದತ್ತಾಂಶ ತಿರುಚುವುದು ಸರಿಯೇ?’ ಎಂದು ಕೇಳಿದರೆ ತರಬೇತಿಗೆ ಬಂದವರೆಲ್ಲ ‘ತಪ್ಪು’ ಎಂದೇ ಹೇಳುತ್ತಾರೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಕವಲೊಡೆಯುವ ಸನ್ನಿವೇಶ ಎಂದರೆ ಕಲಿಯುವವರ ಆಯ್ಕೆಗೆ ತಕ್ಕಂತೆ ಪ್ರತಿ ತಿರುವಿನಲ್ಲಿ ದಾರಿ ಬದಲಾಗುವ ಕಥೆ. ತಪ್ಪು ದಾರಿಗೂ ನಂಬುವಂಥ ಕಾರಣ ಇದ್ದಾಗಲೇ ಅದಕ್ಕೆ ಜೀವ ಬರುವುದು.

ಇಕ್ಕಟ್ಟು ಆರಿಸಿ. ಒಂದು ಸನ್ನಿವೇಶಕ್ಕೆ ಒಂದೇ ಸಾಕು. ಲೇಖಕರ ಪಟ್ಟಿ, ಒಪ್ಪಿಗೆ ಪತ್ರ, ಕೃತಿಚೌರ್ಯ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಚರ್ಚೆ ದಿಕ್ಕು ತಪ್ಪುತ್ತದೆ. ಒಂದು ಉದಾಹರಣೆ: 40 ಮಂದಿಯ ಅಧ್ಯಯನ ಮುಗಿದಿದೆ, ಪಿ ಮೌಲ್ಯ (ನಿಜಕ್ಕೂ ಪರಿಣಾಮ ಇಲ್ಲದಿದ್ದರೂ ಕನಿಷ್ಠ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.06 ಬಂದಿದೆ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 0.05, ಅಂದರೆ 5%. ‘ಇನ್ನೊಂದು ಹತ್ತು ಜನರನ್ನು ಸೇರಿಸಿ ನೋಡು, ಸ್ಯಾಂಪಲ್ ದೊಡ್ಡದಾದಷ್ಟೂ ಒಳ್ಳೆಯದಲ್ವಾ?’ ಎನ್ನುತ್ತಾರೆ ಗೈಡ್. ಮಾತು ಸರಿಯಾಗಿಯೇ ಕೇಳಿಸುತ್ತದೆ. ಆದರೆ ಫಲಿತಾಂಶ ನೋಡಿ ನೋಡಿ ಸ್ಯಾಂಪಲ್ ಹಿಗ್ಗಿಸಿದರೆ, ಇಲ್ಲದ ಪರಿಣಾಮ ಇದೆಯೆಂದು ತೋರುವ ಸಾಧ್ಯತೆ ಏರುತ್ತದೆ. 5% ಮಿತಿ ಇಟ್ಟುಕೊಂಡು ಸಮ ಅಂತರದಲ್ಲಿ ಐದು ಸಲ ಪರೀಕ್ಷಿಸಿದರೆ ಅದು ಸುಮಾರು 14% ಮುಟ್ಟುತ್ತದೆ.

ಪಾತ್ರಗಳಿಗೆ ಒತ್ತಡ ಕೊಡಿ. ಕಲಿಯುವವರು ಯಾರ ಜಾಗದಲ್ಲಿದ್ದಾರೆ, ಗಡುವು ಎಂದು, ಯಾರ ಫೆಲೋಶಿಪ್ ಮುಗಿಯುತ್ತಿದೆ ಎಂಬುದು ಮೊದಲ ದೃಶ್ಯದಲ್ಲೇ ಬರಲಿ. ಗೈಡ್ ಖಳನಾಯಕರಾಗುವುದು ಬೇಡ. ಒಳ್ಳೆಯವರು ಹೇಳಿದಾಗ ‘ಆಗಲ್ಲ’ ಎನ್ನುವುದೇ ನಿಜವಾದ ಕಷ್ಟ.

ಆಯ್ಕೆ ಬರೆಯಿರಿ. ಪ್ರತಿ ತಿರುವಿಗೆ ಮೂರು ಆಯ್ಕೆ ಇರಲಿ. ‘ನೈತಿಕವಾಗಿ ವರ್ತಿಸುತ್ತೇನೆ’ ಎಂದು ಬರೆಯದೆ, ಆ ವ್ಯಕ್ತಿ ಆಡುವ ಮಾತನ್ನೇ ಬರೆಯಿರಿ: ‘ಸರ್, ಸೇರಿಸೋಣ. ಆದರೆ ಮೊದಲ ವಿಶ್ಲೇಷಣೆ ಆದಮೇಲೆ ಸೇರಿಸಿದ್ದು ಅಂತ ಪ್ರಬಂಧದಲ್ಲಿ ಬರೆಯೋಣ.’ ಮೂರೂ ಹೆಚ್ಚುಕಡಿಮೆ ಒಂದೇ ಉದ್ದ ಇರಬೇಕು. ಸರಿಯುತ್ತರವೇ ಉದ್ದವಾಗಿದ್ದರೆ ಓದದೆಯೇ ಗುರುತು ಹಿಡಿಯುತ್ತಾರೆ.

ಕವಲುಗಳನ್ನು ಮತ್ತೆ ಕೂಡಿಸಿ. ನಾಲ್ಕು ತಿರುವು, ತಲಾ ಮೂರು ಆಯ್ಕೆ ಎಂದರೆ 81 ಅಂತ್ಯಗಳು. ಅಷ್ಟನ್ನು ಬರೆದು ಮುಗಿಸಲಾಗದು. ಬೇರೆಬೇರೆ ದಾರಿಗಳು ಮುಂದಿನ ದೃಶ್ಯದಲ್ಲಿ ಸೇರಲಿ. ‘ಲಾಗ್‌ಬುಕ್‌ನಲ್ಲಿ ಬರೆದಿದ್ದಾರೆಯೇ?’, ‘ಗೈಡ್‌ಗೆ ತಿಳಿಸಿದ್ದಾರೆಯೇ?’ ಎಂಬಂಥ ಎರಡು ಗುರುತುಗಳನ್ನಷ್ಟೇ ಮುಂದಕ್ಕೆ ಒಯ್ದರೆ 12ರಿಂದ 15 ದೃಶ್ಯಗಳಲ್ಲಿ ಮುಗಿಯುತ್ತದೆ. ಮೊದಲು ಕಾಗದದ ಮೇಲೆ ನಕ್ಷೆ ಬರೆದುಕೊಂಡು, ಆಮೇಲೆ ಟ್ವೈನ್‌ನಂಥ ಉಚಿತ ತಂತ್ರಾಂಶಕ್ಕೆ ಏರಿಸಿ.

ಪರಿಣಾಮ ತಡವಾಗಿ ಬರಲಿ. ಒತ್ತಿದ ಕೂಡಲೇ ‘ತಪ್ಪು!’ ಎಂದರೆ ಅದು ಕ್ವಿಜ್ ಆಗಿಬಿಡುತ್ತದೆ. ಎರಡು ದೃಶ್ಯ ಕಳೆದ ಮೇಲೆ, ಪ್ರಬಂಧವನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುವ ವಿಮರ್ಶಕರು ‘ಸ್ಯಾಂಪಲ್ ಗಾತ್ರವನ್ನು ಯಾವಾಗ ನಿರ್ಧರಿಸಿದಿರಿ?’ ಎಂದು ಕೇಳಲಿ. ಲಾಗ್‌ಬುಕ್‌ನಲ್ಲಿ ಬರೆಯದವರಿಗೆ ಅಲ್ಲಿ ಬಿಸಿ ತಟ್ಟುತ್ತದೆ. ಸರಿಯಾದ ದಾರಿಗೂ ಬೆಲೆ ಇರಲಿ: ಸಮ್ಮೇಳನದ ಗಡುವು ತಪ್ಪಬಹುದು, ಗೈಡ್ ಕೆಲವು ದಿನ ಮುನಿಸಿಕೊಳ್ಳಬಹುದು. ಪ್ರಾಮಾಣಿಕರಿಗೆ ಸದಾ ಬಹುಮಾನ ಸಿಗುವ ಕಥೆಯನ್ನು ಸಂಶೋಧಕರು ನಂಬುವುದಿಲ್ಲ, ನಂಬಲೂಬಾರದು.

ಪ್ರಯೋಗಿಸಿ ನೋಡಿ. ಐದಾರು ಮಂದಿಗೆ ಕೊಡಿ. ಎಲ್ಲರೂ ಒಂದೇ ಆಯ್ಕೆ ಒತ್ತಿದ ತಿರುವನ್ನು ಮತ್ತೆ ಬರೆಯಿರಿ. ಅಂಕಿಅಂಶಗಳನ್ನು ಸಂಖ್ಯಾಶಾಸ್ತ್ರ ಬಲ್ಲವರಿಗೆ ತೋರಿಸಿ. ನಡೆದ ಪ್ರಕರಣವನ್ನು ಆಧರಿಸಿದ್ದರೆ ಹೆಸರು ಬದಲಿಸಿದರೆ ಸಾಲದು. ವಿಷಯ, ಉಪಕರಣ, ಪಾತ್ರಗಳ ಹುದ್ದೆ ಕೂಡ ಬದಲಾಗಬೇಕು.

ಚರ್ಚೆ ನಡೆಸಿ. ಸನ್ನಿವೇಶಕ್ಕೆ 20 ನಿಮಿಷ ಕೊಟ್ಟರೆ ಚರ್ಚೆಗೆ 40 ನಿಮಿಷ ಮೀಸಲಿಡಿ. ಮೊದಲು ಪ್ರತಿಯೊಬ್ಬರೂ ತಮ್ಮ ಆಯ್ಕೆಯನ್ನು ಚೀಟಿಯಲ್ಲಿ ಬರೆದುಕೊಳ್ಳಲಿ, ಹಿರಿಯರು ಕೊನೆಯಲ್ಲಿ ಮಾತಾಡಲಿ. ತಂತ್ರಾಂಶ ಯಾರ ಆಯ್ಕೆಯನ್ನಾದರೂ ದಾಖಲಿಸುವುದಾದರೆ ಅದನ್ನು ಮುಂಚೆಯೇ ತಿಳಿಸಿ, ಅವರ ಒಪ್ಪಿಗೆ ಪಡೆಯಿರಿ.