ಡಿವೋರ್ಸ್ ಕಾಗದಪತ್ರ ನಾನೇ ಜೋಡಿಸಿದ್ದು

"ಇದೆಲ್ಲ ನಿನ್ನಿಂದ ಆಗ್ತದಾ?" ಎಂದು ಮನೆಯವರೂ ಕೇಳಿದರು, ಕೋರ್ಟು ಕಂಡವರೂ ಕೇಳಿದರು. ಆಯಿತು. ಮಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ನಮ್ಮ 13ಬಿ ಅರ್ಜಿಗೆ, ಅಂದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ಹಾಕುವ ಡಿವೋರ್ಸ್ ಅರ್ಜಿಗೆ, ಡಿಕ್ರಿ (ಡಿವೋರ್ಸ್ ಆದೇಶ) ಸಿಕ್ಕಿದೆ.

ಮೊದಲು ನಾನೊಬ್ಬಳೇ ಹಾಕಿದ್ದ ಕೇಸು ಎರಡು ವರ್ಷದ ಹತ್ತಿರ ಎಳೆಯಿತು. ಗಂಡ ದುಬೈಯಲ್ಲಿ, ಸಮನ್ಸ್ ಮುಟ್ಟುವುದಿಲ್ಲ, ಮತ್ತೆ ವಾಯಿದೆ. ಸುಮಾರು 70 ಸಾವಿರ ಹೋಯಿತು. ಆಗ ವಾಟ್ಸಾಪ್ ಚಾಟ್ ಮುನ್ನೂರು ಪುಟದಷ್ಟು ಪ್ರಿಂಟ್ ತೆಗೆಸಿ, ಸಾಕ್ಷ್ಯಕ್ಕೆ ಬೇಕಾದ ಸರ್ಟಿಫಿಕೇಟನ್ನೂ ನಾನೇ ತಯಾರಿಸಿದ್ದೆ. ಹಿಂದೆ ಅದು ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ, 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾನೂನಿನ ಸೆಕ್ಷನ್ 63. ಇಬ್ಬರೂ ಒಪ್ಪಿದ ಮೇಲೆ ಅದರ ಒಂದು ಪುಟವೂ ಬೇಕಾಗಲಿಲ್ಲ.

ಒಪ್ಪಿಗೆಯ ಅರ್ಜಿಗೆ ನಾನು ಮೊದಲು ಮಾಡಿದ್ದು ಒಂದೇ ಹಾಳೆಯ ತಾರೀಕು ಪಟ್ಟಿ. ಮದುವೆ, ಬೇರೆಯಾದ ದಿನ, ಮಗು, ಹಣ, ಚಿನ್ನ. ಪ್ರತಿ ಸಾಲಿನ ಪಕ್ಕ ಅದಕ್ಕೆ ಆಧಾರವಾದ ಕಾಗದದ ನಂಬರ್. ವಕೀಲರು ಅದರಲ್ಲಿ ಒಂದಕ್ಷರ ತಿದ್ದಲಿಲ್ಲ. ಮದುವೆ ಆದದ್ದು ಕಾರ್ಕಳದಲ್ಲಿ, ಆದರೂ ನಾನು ಇರುವ ಊರಲ್ಲೇ ಅರ್ಜಿ ಹಾಕಬಹುದು. ಅವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು, ಆಧಾರ್‌ನಲ್ಲಿ ಬರೀ ಇನಿಷಿಯಲ್. ಎರಡೂ ಒಬ್ಬರದೇ ಎಂಬ ಅಫಿಡವಿಟ್ ಮೊದಲೇ ಇಟ್ಟೆ.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಸೆಟಲ್‌ಮೆಂಟ್ ಕಾಗದಕ್ಕೆ. ನನಗೆ ಕೊಟ್ಟ ಮೊದಲ ಡ್ರಾಫ್ಟ್‌ನಲ್ಲಿ "ಮೊತ್ತ ಕೊಡತಕ್ಕದ್ದು" ಅಂತ ಅಷ್ಟೇ. ಯಾವಾಗ? ಹೇಗೆ? ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಾಗಾಗಿ ನಾನು ತಿರುಗಿ ಬರೆದೆ: ಅರ್ಧ ಮೊದಲ ಮೋಷನ್ ದಿನ (ಇಬ್ಬರೂ ಸೇರಿ ಅರ್ಜಿಯನ್ನು ಕೋರ್ಟಿನ ಮುಂದಿಡುವ ದಿನ), ಉಳಿದದ್ದು ಎರಡನೇ ಮೋಷನ್ ದಿನ (ಡಿಕ್ರಿಗೆ ಮೊದಲು ಒಪ್ಪಿಗೆಯನ್ನು ಮತ್ತೆ ಹೇಳುವ ದಿನ) ಕೋರ್ಟಿನಲ್ಲೇ, ಎರಡೂ ಡಿಡಿ, ನಂಬರ್ ಸಮೇತ. ಚಿನ್ನವನ್ನು ಒಟ್ಟು ಪವನ್ ಎಂದು ಬರೆಯದೆ ಕರಿಮಣಿ, ಬಳೆ, ಚೈನು ಎಂದು ಒಂದೊಂದಾಗಿ ತೂಕ ಹಾಕಿ ಬರೆದೆ. ಮಗಳ ಪಾಸ್‌ಪೋರ್ಟಿಗೆ ಅವರು ಸಹಿ ಕೊಡಬೇಕು ಎಂಬುದಕ್ಕೂ ಒಂದು ಸಾಲು. ಗಲ್ಫ್‌ನಲ್ಲಿ ತಂದೆ ಇರುವ ಮಕ್ಕಳಿಗೆ ಈ ಸಾಲು ಎಷ್ಟು ಮುಖ್ಯ ಅಂತ ನಮ್ಮೂರಲ್ಲಿ ಹೇಳಬೇಕಾಗಿಲ್ಲ, ಅಲ್ವಾ? ಚಿನ್ನದ ಪಟ್ಟಿಗೆ ಅವರ ಕಡೆಯಿಂದ ಸಹಿ ಹಾಕಿಸಿದ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ.

ಅವರ ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ನಡೆದುಕೊಳ್ಳಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ದುಬೈ ಕಾನ್ಸುಲೇಟಿನಲ್ಲಿ ಆಯಿತು. ಅಂಥ ಪತ್ರ ಊರಿಗೆ ಮುಟ್ಟಿದ 3 ತಿಂಗಳೊಳಗೆ ಇಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಕೊರಿಯರ್ ಕವರ್ ಬಿಸಾಡಬೇಡಿ, ಮುಟ್ಟಿದ ತಾರೀಕಿಗೆ ಅದೇ ಆಧಾರ.

ಎರಡು ಮೋಷನ್‌ಗಳ ನಡುವಿನ 6 ತಿಂಗಳ ಕಾಯುವಿಕೆಗೆ "ಇಲ್ಲೆಲ್ಲ ವಿನಾಯಿತಿ ಕೊಡುವುದಿಲ್ಲ" ಎಂದವರೇ ಜಾಸ್ತಿ. ಆದರೆ ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪು ಇದೆ, ವಿನಾಯಿತಿ ಬೇಕಾದರೆ ಬೇರೆಯಾಗಿ ಒಂದೂವರೆ ವರ್ಷ ದಾಟಿರಬೇಕು, ರಾಜಿಯ ಪ್ರಯತ್ನ ಮುಗಿದಿರಬೇಕು, ಹಣ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿರಬೇಕು. ಮೊದಲ ಮೋಷನ್ ಆಗಿ ಒಂದು ವಾರದ ನಂತರ ವಿನಾಯಿತಿಗೆ ಅರ್ಜಿ ಹಾಕಬಹುದು. ತಾರೀಕು ಪಟ್ಟಿಯನ್ನೇ ಅದಕ್ಕೆ ಲಗತ್ತಿಸಿದೆ, ಮಂಜೂರಾಯಿತು. ಈ ಸುತ್ತಿನ ಖರ್ಚು ಎಲ್ಲ ಸೇರಿ 30 ಸಾವಿರದ ಆಸುಪಾಸು. ಇಷ್ಟೂ ಕಷ್ಟ ಅನ್ನುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಡಿಕ್ರಿ ಆದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ಒಂದಕ್ಕಿಂತ ಜಾಸ್ತಿ ತೆಗೆಯಿರಿ. ಕೈಗೆ ಬಂದ ಕೂಡಲೇ ಹೆಸರು, ತಾರೀಕು ಅಕ್ಷರ ಅಕ್ಷರ ಓದಿ. ಬರವಣಿಗೆಯ ತಪ್ಪಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 152ರಲ್ಲಿ ತಿದ್ದಿಸಬಹುದು.